ಕೊಟ್ಟ ಕಿಡ್ನಿಯನ್ನೇ ಮೈ ಒಪ್ಪದಿದ್ದಾಗ

ಹುಡುಗನ ಮೂತ್ರ ಕೆಂಪಗಾದರೆ ಮಂಡ್ಯದ ಕಡೆ ಮೊದಲು ಬರುವ ಮಾತು, ಉಷ್ಣ ಆಗಿದೆ, ಎಳನೀರು ಕುಡಿಸಿ ಅಂತ. ಕಿವಿ ಮಂದವಾದರೆ ಅದು ಬೇರೆಯೇ ಲೆಕ್ಕ. ಮುಂದೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನೈನ್ ಅನ್ನುವ ಕಸ ರಕ್ತದಲ್ಲಿ ಏರಿ, ಡಯಾಲಿಸಿಸ್‌ಗೆ ಅಂತ ಮೈಸೂರಿನ ಬಸ್ ಹತ್ತುವ ಹೊತ್ತಿಗೂ ಎಲ್ಲರ ಬಾಯಲ್ಲಿ 'ಕಿಡ್ನಿ ಫೇಲ್' ಅಂತಷ್ಟೇ ಇರುತ್ತದೆ. ಯಾಕೆ ಫೇಲ್ ಆಯಿತು?

ಈ ರಕ್ತ, ಈ ಕಿವುಡು ಎರಡೂ ಒಂದೇ ಕಾಯಿಲೆ ಅಂತ ಡಾಕ್ಟರ್ ಸೆಸಿಲ್ ಅಲ್ಪೋರ್ಟ್ ಒಂದು ಕುಟುಂಬವನ್ನು ನೋಡಿ 1927ರಲ್ಲೇ ಬರೆದಿದ್ದರು. 1961ರಲ್ಲಿ ಕಾಯಿಲೆಗೆ ಅವರ ಹೆಸರೇ ಬಂತು, 1990ರಲ್ಲಿ ಎಕ್ಸ್ ಕ್ರೋಮೋಸೋಮ್ ಮೇಲೆ, ಕೆಟ್ಟರೆ ಈ ಕಾಯಿಲೆ ತರುವ ಜೀನ್ ಸಿಕ್ಕಿತು.

ಕಸಿ ಮಾಡಿದ ಒಳ್ಳೆಯ ಕಿಡ್ನಿ ಕೆಲವರಲ್ಲಿ ವರ್ಷದೊಳಗೇ ಯಾಕೆ ಹಾಳಾಗುತ್ತದೆ ಅನ್ನುವುದು ಆಮೇಲೆ ಬಿಡಿಸಿಕೊಂಡಿತು. ಕಿಡ್ನಿಯಲ್ಲಿ ರಕ್ತ ಸೋಸುವ ಪೊರೆ ಇದೆ. ಅದರ ನೂಲು ಟೈಪ್ 4 ಕೊಲಾಜನ್. ಆಲ್ಫಾ 3, 4, 5 ಅನ್ನುವ ಮೂರು ಎಳೆ ಸೇರಿದರೇ ಹುರಿ. ಒಂದು ಎಳೆ ಇಲ್ಲದಿದ್ದರೆ ಹುರಿಯೇ ಇಲ್ಲ. ಅಲ್ಪೋರ್ಟ್ ಇರುವ ಕೆಲವರ ಮೈ ಹುಟ್ಟಿದಾಗಿನಿಂದ ಆ ನೂಲನ್ನು ಕಂಡೇ ಇಲ್ಲ. ದಾನಿಯ ಕಿಡ್ನಿಯಲ್ಲಿ ಅದು ಸರಿಯಾಗಿರುತ್ತದೆ, ಆ ಸರಿಯಾದದ್ದೇ ಮೈಗೆ ಹೊರಗಿನದು ಅನ್ನಿಸಿ ಆಂಟಿಬಾಡಿ ಹುಟ್ಟಿ ಹೊಸ ಪೊರೆಯ ಮೇಲೆ ಬೀಳುತ್ತದೆ. ಆಂಟಿ-ಜಿಬಿಎಂ ನೆಫ್ರೈಟಿಸ್ ಅನ್ನುವುದು ಇದನ್ನೇ, ಜಿಬಿಎಂ ಅಂದರೆ ಆ ಸೋಸುವ ಪೊರೆ. ಬೇರೆಯವರಲ್ಲಿ ಇದು ಮೈ ತನ್ನ ಮೇಲೇ ತಿರುಗಿ ಬೀಳುವ ಕಾಯಿಲೆ, ಇಲ್ಲಿ ಬೀಳುವುದು ಪಡೆದ ಕಿಡ್ನಿಯ ಮೇಲೆ.

ಕಸಿ ಮಾಡಿಸಿಕೊಂಡ ಅಲ್ಪೋರ್ಟ್ ರೋಗಿಗಳಲ್ಲಿ ಇದು ಬರುವುದು ನೂರಕ್ಕೆ 3ರಿಂದ 5 ಜನಕ್ಕೆ. ಉಳಿದವರಿಗೆ ಕಸಿ ಚೆನ್ನಾಗಿಯೇ ಹಿಡಿಯುತ್ತದೆ, ಸುಮ್ನೆ ಹೆದರಬೇಡಿ. ಜೀನ್‌ನ ದೊಡ್ಡ ತುಂಡೇ ಇಲ್ಲದ ಗಂಡಸರಿಗೆ ಅಪಾಯ ಜಾಸ್ತಿ. ಬಂದರೆ ಮಾತ್ರ, ಆಂಟಿಬಾಡಿ ತೆಗೆಯಲು ರಕ್ತದ ಪ್ಲಾಸ್ಮಾ ಬದಲಿಸಿ, ಅದು ಹುಟ್ಟುವುದನ್ನು ತಡೆಯಲು ಸೈಕ್ಲೋಫಾಸ್ಫಮೈಡ್ ಔಷಧಿ ಕೊಟ್ಟರೂ ಕಿಡ್ನಿ ಉಳಿಸುವುದು ಕಷ್ಟ. ಎರಡನೇ ಕಸಿಗೂ ಅದು ಮತ್ತೆ ಬರಬಹುದು.

ನನ್ನನ್ನು ಜಾಸ್ತಿ ಕಾಡುವುದು ದಾನಿಯ ವಿಷಯ. ಮಗನಿಗೆ ಕಿಡ್ನಿ ಕೊಡಲು ಮೊದಲು ಎದ್ದು ನಿಲ್ಲುವವಳು ಅಮ್ಮ ಅಲ್ವಾ? ಎಕ್ಸ್ ಮೇಲಿನ ಆ ಕೆಟ್ಟ ಜೀನ್ ಮಗನಿಗೆ ಬರುವುದೂ ಅಮ್ಮನ ಕಡೆಯಿಂದಲೇ. ಅವಳ ಮೂತ್ರದಲ್ಲೂ ಕಣ್ಣಿಗೆ ಕಾಣದ ರಕ್ತ ಇರಬಹುದು, ಒಂದನ್ನು ಕೊಟ್ಟ ಮೇಲೆ ಉಳಿದೊಂದು ಮುಂದೆ ಸೋಲಬಹುದು. ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳಲ್ಲಿ ಇನ್ನೊಂದು ಬಗೆಯದು ಬರುತ್ತದೆ: ಅಪ್ಪ ಅಮ್ಮ ಇಬ್ಬರೂ ಒಂದೊಂದು ಕೆಟ್ಟ ಜೀನ್ ಹೊತ್ತಿರುತ್ತಾರೆ, ಇಬ್ಬರೂ ಕಿಡ್ನಿ ಕೊಡಲು ತಯಾರಿರುತ್ತಾರೆ.

ಆದ್ದರಿಂದ ಕಸಿಗೆ ಮೊದಲೇ ಕೇಳಿ, ಮನೆಯಲ್ಲಿ ಇನ್ಯಾರಿಗೆ ಕಿವಿ ಕೇಳಿಸುವುದಿಲ್ಲ ಅಂತ. ಜೀನ್ ಪರೀಕ್ಷೆ ಮಾಡಿಸಿ, ಅಮ್ಮನ ಮೂತ್ರವನ್ನೂ ನೋಡಿಸಿ. ತಮ್ಮಂದಿರಲ್ಲಿ ಬೇಗ ಗೊತ್ತಾದರೆ ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಡಯಾಲಿಸಿಸ್ ದಿನವನ್ನು ವರ್ಷಗಟ್ಟಲೆ ಮುಂದೆ ತಳ್ಳಬಲ್ಲದು.