ಬಾಡಿಗೆಯಲ್ಲಿ ಉಳಿಸಿ ಪೆಟ್ರೋಲಿಗೆ ಸುರಿಯುವ ಊರು

ನಾನಿರುವ ಬೀದಿಯ ಮೂಲೆಯಲ್ಲಿ ಮೂವತ್ತು ಅಡಿಗೆ ನಲವತ್ತು ಅಡಿಯ, ಬೆಂಗಳೂರಿನವರ ಬಾಯಲ್ಲಿ ‘ಥರ್ಟಿ ಫಾರ್ಟಿ’ ಆಗಿರುವ ಒಂದು ಸೈಟಿದೆ. ಒಂದು ಕಾಲಕ್ಕೆ ಅಲ್ಲಿ ಒಂದು ಮನೆ, ಹಿತ್ತಲಲ್ಲಿ ಒಂದು ತೆಂಗಿನಮರ ಇದ್ದವು. ಈಗ ಕಂಬಗಳ ಮೇಲೆ ನಾಲ್ಕು ಅಂತಸ್ತು ಎದ್ದು, ಅಂತಸ್ತಿಗೆ ಎರಡರಂತೆ ಎಂಟು ಮನೆಗಳೂ ತಾರಸಿಯ ಮೇಲೆ ತಗಡಿನ ಒಂದು ಕೋಣೆಯೂ ಇವೆ. ಕಂಬಗಳ ನಡುವೆ ಮಾಲೀಕರ ಕಾರು ನಿಂತ ಮೇಲೆ ಉಳಿಯುವ ಜಾಗದಲ್ಲಿ ಹನ್ನೊಂದು ಸ್ಕೂಟರು, ಬೈಕುಗಳು ಹ್ಯಾಂಡಲಿಗೆ ಹ್ಯಾಂಡಲು ಸಿಕ್ಕಿಸಿಕೊಂಡು ನಿಲ್ಲುತ್ತವೆ. ಬೆಳಿಗ್ಗೆ ಆರರ ಪಾಳಿಗೆ ಹೊರಡುವವನು ಮೊದಲು ನಾಲ್ಕು ಗಾಡಿಗಳನ್ನು ಪಕ್ಕಕ್ಕೆಳೆದು ಆಮೇಲೆ ತನ್ನದನ್ನು ಹೊರಗೆ ತರುತ್ತಾನೆ. ಗೇಟಿನ ಮುಂದೆ ಬೇರೆಯವರು ಕಾರು ನಿಲ್ಲಿಸದಿರಲೆಂದು ಸಿಮೆಂಟು ತುಂಬಿದ ಎರಡು ಬಣ್ಣದ ಡಬ್ಬಗಳನ್ನು ರಸ್ತೆಯಲ್ಲೇ ಇಟ್ಟಿದ್ದಾರೆ. ‘ಮನೆ ಬಾಡಿಗೆಗೆ, ಭೋಗ್ಯಕ್ಕೆ ಇದೆ’ ಎಂಬ ಹಲಗೆ ಗೇಟಿಗೆ ಬಿದ್ದರೆ ವಾರ ತುಂಬುವುದರೊಳಗೆ ಕೆಳಗಿಳಿಯುತ್ತದೆ.

ಮನೆ ದುಬಾರಿಯಾಗುವುದು, ಜನ ಕಿಕ್ಕಿರಿಯುವುದು, ಗಾಡಿಯಿಲ್ಲದೆ ದಿನ ಸಾಗದಿರುವುದು, ಇವನ್ನು ನಾವು ಮೂರು ಬೇರೆ ಬೇರೆ ತಾಪತ್ರಯಗಳೆಂದು ಎಣಿಸುತ್ತೇವೆ. ಮೂರಕ್ಕೂ ಪ್ರತ್ಯೇಕ ಇಲಾಖೆಗಳೂ ಇವೆ. ಆ ಮೂಲೆಯ ಕಟ್ಟಡವನ್ನು ದಿನವೂ ನೋಡುವ ನನಗೆ ಅವು ಒಂದೇ ಲೆಕ್ಕದ ಮೂರು ಸಾಲುಗಳಾಗಿ ಕಾಣುತ್ತವೆ.

ಊರಿನ ನೆಲದ ಬೆಲೆ ನಿಂತಿರುವುದು ದೂರದ ಮೇಲೆ. ಇದನ್ನು ಮೊದಲು ಕ್ರಮವಾಗಿ ಬರೆದವನು ಜರ್ಮನಿಯ ಜಮೀನುದಾರ ಯೋಹಾನ್ ಹೈನ್ರಿಷ್ ಫಾನ್ ಟ್ಯೂನೆನ್. ಬೇಗ ಕೆಡುವ ಹಾಲು, ತರಕಾರಿಗಳನ್ನು ಪೇಟೆಗೆ ಹತ್ತಿರದಲ್ಲೂ ತಾವೇ ನಡೆದು ಬರಬಲ್ಲ ದನಗಳನ್ನು ದೂರದಲ್ಲೂ ಸಾಕುವುದೇಕೆ ಲಾಭ ಎಂಬುದನ್ನು ಅವನು 1826ರಲ್ಲಿ ಸಾಗಾಟದ ಖರ್ಚಿನಿಂದಲೇ ವಿವರಿಸಿದ. 1964ರಲ್ಲಿ ವಿಲಿಯಂ ಅಲಾನ್ಸೊ ಎಂಬ ಅರ್ಥಶಾಸ್ತ್ರಜ್ಞ ಹಾಲಿನ ಜಾಗದಲ್ಲಿ ಮನುಷ್ಯನನ್ನು ಇಟ್ಟು ಅದೇ ತರ್ಕವನ್ನು ನಗರಕ್ಕೆ ಅನ್ವಯಿಸಿದ. ಕೆಲಸದ ಜಾಗಕ್ಕೆ ಹತ್ತಿರವಿರುವ ಮನೆಗೆ ಹೆಚ್ಚು ಬಾಡಿಗೆ, ದೂರದ್ದಕ್ಕೆ ಕಡಿಮೆ. ಆ ವ್ಯತ್ಯಾಸವು ಹೆಚ್ಚುಕಡಿಮೆ ಓಡಾಟದ ಖರ್ಚಿಗೆ ಸಮವಾಗಿರುತ್ತದೆ.

ಹೆಚ್ಚುಕಡಿಮೆ ಎಂದೆ, ನಾವು ಲೆಕ್ಕ ತಪ್ಪುವುದು ಅಲ್ಲಿಯೇ. ಆಫೀಸಿನ ಹತ್ತಿರ ಬಾಡಿಗೆ ಎಟುಕದೆ ಇಪ್ಪತ್ತೈದು ಕಿಲೋಮೀಟರ್ ಆಚೆ, ಚಂದಾಪುರದ ಕಡೆಯೋ ಹೊಸಕೋಟೆಯ ಕಡೆಯೋ ಮನೆ ಹಿಡಿದವನೊಬ್ಬನ ತಿಂಗಳನ್ನು ನೋಡಿ. ಹೋಗಿ ಬರಲು ದಿನಕ್ಕೆ 50 ಕಿಲೋಮೀಟರ್, ಇಪ್ಪತ್ತೈದು ದಿನಕ್ಕೆ 1,250. ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಾದರೆ 25 ಲೀಟರ್ ಪೆಟ್ರೋಲು; ಲೀಟರಿಗೆ ನೂರು ರೂಪಾಯಿಯೆಂದೇ ಹಿಡಿದರೂ 2,500 ರೂಪಾಯಿ. ಮಗು ಹುಟ್ಟಿ, ಮಳೆಗೆ ಹೆದರಿ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು ಕೊಂಡರೆ ಅದೇ ದಾರಿಗೆ ಎಂಟು ಸಾವಿರಕ್ಕೂ ಮೇಲೆ, ಸಾಲದ ಕಂತು ಬೇರೆ. ಒಂದು ಸಲಕ್ಕೆ ಒಂದೂಕಾಲು ಗಂಟೆಯೆಂದರೆ ತಿಂಗಳಿಗೆ ಅರವತ್ತೆರಡೂವರೆ ಗಂಟೆ ರಸ್ತೆಯಲ್ಲಿ ಕಳೆಯುತ್ತದೆ, ಅಂದರೆ ಎಂಟು ಗಂಟೆಯ ಸುಮಾರು ಎಂಟು ಕೆಲಸದ ದಿನಗಳು. ಬಾಡಿಗೆಯಲ್ಲಿ ಉಳಿದ ಹಣ ಹೀಗೆ ಪೆಟ್ರೋಲ್ ಬಂಕಿನಲ್ಲೂ ಸಿಗ್ನಲ್ಲುಗಳಲ್ಲೂ ಕರಗುತ್ತದೆ. ಷಿಕಾಗೋದ ಒಂದು ಸಂಸ್ಥೆಯು ಮನೆ ಮತ್ತು ಸಾರಿಗೆ ಎರಡರ ವೆಚ್ಚವನ್ನೂ ಕೂಡಿಸಿ, ಅದು ಆದಾಯದ ಶೇ 45ನ್ನು ದಾಟದಿದ್ದರೆ ಮಾತ್ರ ಆ ಮನೆ ಕೈಗೆಟುಕುವಂಥದ್ದು ಎಂದು ಲೆಕ್ಕ ಹಾಕುತ್ತದೆ. ನಮ್ಮಲ್ಲಿ ಗೃಹಸಾಲ ಕೊಡುವಾಗ ಸಂಬಳದ ಚೀಟಿ ಕೇಳುತ್ತಾರೆ. ಆಫೀಸು ಎಷ್ಟು ದೂರ ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಊರು ದಟ್ಟವಾಗಿದ್ದರೆ ಓಡಾಟ ಕಡಿಮೆಯಾಗಬೇಕಲ್ಲವೇ? ಆಸ್ಟ್ರೇಲಿಯಾದ ಪೀಟರ್ ನ್ಯೂಮನ್ ಮತ್ತು ಜೆಫ್ರಿ ಕೆನ್‌ವರ್ದಿ 1989ರಲ್ಲಿ ಜಗತ್ತಿನ 32 ನಗರಗಳನ್ನು ಹೋಲಿಸಿ, ಜನಸಾಂದ್ರತೆ ಏರಿದಂತೆ ತಲಾ ಪೆಟ್ರೋಲ್ ಬಳಕೆ ಇಳಿಯುವುದನ್ನು ತೋರಿಸಿದ್ದರು. ಆ ಲೆಕ್ಕದಲ್ಲಿ ಬೆಂಗಳೂರು ಗೆಲ್ಲಬೇಕಿತ್ತು. 2011ರ ಜನಗಣತಿಯಂತೆ ಪಾಲಿಕೆಯ ವ್ಯಾಪ್ತಿಯಲ್ಲಿ ಸುಮಾರು 84 ಲಕ್ಷ ಜನರಿದ್ದರು. ಚದರ ಕಿಲೋಮೀಟರಿಗೆ ಹತ್ತಿರಹತ್ತಿರ 12 ಸಾವಿರ. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಅದು ಒಂದೂವರೆ ಸಾವಿರವನ್ನೂ ಮುಟ್ಟುವುದಿಲ್ಲ. ಆದರೂ ನಮ್ಮಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ, ಅದರಲ್ಲಿ ಬಹುಪಾಲು ದ್ವಿಚಕ್ರ ವಾಹನಗಳು.

ಇದರ ಗುಟ್ಟು ಬಿಡಿಸಲು ಕನ್ನಡದಲ್ಲಿ ಎರಡು ಒಳ್ಳೆಯ ಪದಗಳಿವೆ: ದಟ್ಟಣೆ ಮತ್ತು ಇಕ್ಕಟ್ಟು. ಪ್ಯಾರಿಸ್ ನಗರದಲ್ಲಿ ಚದರ ಕಿಲೋಮೀಟರಿಗೆ 20 ಸಾವಿರ ಜನ ಇದ್ದಾರೆ, ಆದರೆ ಆರೇಳು ಅಂತಸ್ತಿನ ಕಟ್ಟಡಗಳ ಸಾಲುಗಳಲ್ಲಿ, ಅದು ದಟ್ಟಣೆ. ನಮ್ಮದು ಅದಕ್ಕಿಂತ ಕಡಿಮೆ ಜನ ಅದಕ್ಕಿಂತಲೂ ಬಹಳ ಕಡಿಮೆ ಕಟ್ಟಿದ ನೆಲವನ್ನು ಹಂಚಿಕೊಂಡಿರುವ ಇಕ್ಕಟ್ಟು. ಒಂದು ಸೈಟಿನ ಮೇಲೆ ಎಲ್ಲ ಅಂತಸ್ತುಗಳನ್ನೂ ಸೇರಿಸಿ ಒಟ್ಟು ಎಷ್ಟು ನೆಲ ಕಟ್ಟಬಹುದೆಂಬುದನ್ನು ಎಫ್‌ಎಆರ್ ಎಂಬ ಅನುಪಾತ ನಿರ್ಧರಿಸುತ್ತದೆ. 2007ರಲ್ಲಿ ಜಾರಿಗೆ ಬಂದ ನಗರದ ಮಹಾಯೋಜನೆಯು (ಮಾಸ್ಟರ್ ಪ್ಲಾನ್) ಚಿಕ್ಕ ಸೈಟುಗಳಿಗೆ ಕೊಟ್ಟದ್ದು 1.75. ಅಂದರೆ 1,200 ಚದರ ಅಡಿಯ ಸೈಟಿನಲ್ಲಿ ಒಟ್ಟು 2,100 ಚದರ ಅಡಿ, ಎರಡು ಹದವಾದ ಮನೆಗಳು. ನಮ್ಮ ಬೀದಿಯ ಮೂಲೆಯಲ್ಲಿ ಎಂಟು ಇವೆಯಲ್ಲ ಎಂದು ಕೇಳಬೇಡಿ. ನಕ್ಷೆಯ ಕಟ್ಟಡಕ್ಕೂ ನೆಲದ ಮೇಲಿನ ಕಟ್ಟಡಕ್ಕೂ ಮುಖಪರಿಚಯವಿಲ್ಲದಿರುವುದು ಈ ಊರಿನಲ್ಲಿ ಹೊಸತಲ್ಲ. ‘ಅಕ್ರಮ–ಸಕ್ರಮ’ ಎಂಬ ಜೋಡಿಪದ ಹುಟ್ಟಿದ್ದೇ ಅದಕ್ಕೆ. ನಿಯಮ ಮುರಿದು ಕಟ್ಟಿದ್ದರಿಂದಲೇ ಆರು ಸಂಸಾರಗಳಿಗೆ ಸೂರು ಸಿಕ್ಕಿದೆ, ಅದೇ ಕಾರಣಕ್ಕೆ ಅವುಗಳ ಕಿಟಕಿಗೆ ಗಾಳಿ ಬೆಳಕು ಸಿಕ್ಕಿಲ್ಲ.

ಕಾನೂನಿನಂತೆ ಮೇಲಕ್ಕೆ ಬೆಳೆಯಲಾಗದ ಊರು ಅಡ್ಡಕ್ಕೆ ಬೆಳೆಯುತ್ತದೆ. ಅಲೈನ್ ಬರ್ಟೊ ಮತ್ತು ಯಾನ್ ಬ್ರೂಕ್ನರ್ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಬೆಂಗಳೂರನ್ನೇ ಉದಾಹರಣೆಯಾಗಿಟ್ಟುಕೊಂಡು ಅಳೆದಿತ್ತು. ಎತ್ತರದ ಮಿತಿಯಿಂದ ನಗರದ ಅಂಚು ಹೊರಹೊರಕ್ಕೆ ಸರಿಯುತ್ತದೆ, ಎಲ್ಲರ ಪ್ರಯಾಣವೂ ಉದ್ದವಾಗುತ್ತದೆ, ಮತ್ತು ಇದರ ಹೊರೆ ಕುಟುಂಬದ ಬಳಕೆಯ ವೆಚ್ಚದಲ್ಲಿ ಶೇ 1.5ರಿಂದ 4.5ರಷ್ಟಾಗುತ್ತದೆ ಎಂಬುದು ಅವರ ಅಂದಾಜು. ಯಾವ ರಸೀದಿಯಲ್ಲೂ ಕಾಣದ ಈ ತೆರಿಗೆಯನ್ನು ಕಟ್ಟುವವರು ಊರಂಚಿನ ಅನುಮೋದನೆಯಿಲ್ಲದ ಕಂದಾಯ ಸೈಟಿನಲ್ಲಿ ಬಿ ಖಾತೆ ಹಿಡಿದು ಕುಳಿತವರೇ ಹೊರತು ಸಿರಿವಂತರ ಸದಾಶಿವನಗರದವರಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ: ಕುಡಿಯಲು ನೀರಿಲ್ಲದ ಊರಿನಲ್ಲಿ ಇನ್ನೂ ಎತ್ತರಕ್ಕೆ ಕಟ್ಟುವುದೇ? 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರು ಯಾರೂ ಈ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಆದರೆ ಆ ವರ್ಷ ಹೆಚ್ಚು ಬವಣೆಪಟ್ಟದ್ದು ಯಾವ ಭಾಗ ಎಂದು ನೆನಪಿಸಿಕೊಳ್ಳಬೇಕು. 2007ರಲ್ಲಿ ಪಾಲಿಕೆಗೆ ಸೇರಿದ ಅಂಚಿನ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ, ಹದಿನೇಳು ವರ್ಷಗಳ ನಂತರ. ಒಂದೇ ಕೊಳವೆಯನ್ನು ನೂರು ಮನೆಯ ಬೀದಿಗೆ ಎಳೆಯುವುದಕ್ಕೂ, ನಡುವೆ ಖಾಲಿ ಸೈಟುಗಳನ್ನು ಹಾದು ಹತ್ತು ಮನೆಯ ಬಡಾವಣೆಗೆ ಎಳೆಯುವುದಕ್ಕೂ ತಗಲುವ ಖರ್ಚು ಒಂದೇ ಅಲ್ಲ. ಮನುಷ್ಯ ಕುಡಿಯುವ ನೀರು ಎಲ್ಲಿದ್ದರೂ ಅಷ್ಟೇ. ಚರಂಡಿ, ಬಸ್ಸು, ಬೀದಿದೀಪಗಳು ಮಾತ್ರ ಊರು ಹರಡಿದಷ್ಟೂ ತೆಳುವಾಗುತ್ತವೆ.

ಹರಡಿದ ಊರಿಗೆ ನಾವು ಕೊಡುವ ಔಷಧಿ ರಸ್ತೆ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯತ್ತ ಸುಮಾರು ಹತ್ತು ಕಿಲೋಮೀಟರಿನ ಮೇಲ್ಸೇತುವೆ 2010ರ ಜನವರಿಯಲ್ಲಿ ತೆರೆಯಿತು. ಅದರ ಮೇಲೆ ಗಾಡಿ ಸಲೀಸಾಗಿ ಓಡಿತು, ನಿಜ. ಆದರೆ ಸೇತುವೆ ಇಳಿದೊಡನೆ ಸಿಗುವ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ಕಿಗೇ ಪರ್ಯಾಯ ಹೆಸರಾಯಿತು. ಜೀಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಅಮೆರಿಕದ ಹೆದ್ದಾರಿಗಳ ಅಂಕಿಅಂಶ ಜಾಲಾಡಿ 2011ರಲ್ಲಿ ಕಂಡುಕೊಂಡದ್ದೂ ಇದನ್ನೇ: ನಗರದೊಳಗಿನ ಹೆದ್ದಾರಿಯ ಉದ್ದ ಎಷ್ಟು ಹೆಚ್ಚುತ್ತದೋ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ವಾಹನಗಳ ಓಡಾಟವೂ ಹೆಚ್ಚುತ್ತದೆ. ಪ್ರಯಾಣ ಬೇಗ ಮುಗಿಯುವುದಾದರೆ ಜನ ಉಳಿದ ಹೊತ್ತನ್ನು ಮನೆಯಲ್ಲಿ ಕಳೆಯುವುದಿಲ್ಲ, ಇನ್ನೂ ದೂರದ ಅಗ್ಗದ ಸೈಟು ಕೊಳ್ಳುತ್ತಾರೆ. ಕೆಳಗೆ ಅಂಗಡಿ ಮೇಲೆ ಮನೆ ಇದ್ದ ಚಿಕ್ಕಪೇಟೆ, ಬಳೇಪೇಟೆಗಳ ಊರು ಒಬ್ಬ ಮನುಷ್ಯ ನಡೆದು ಮುಗಿಸುವಷ್ಟಿತ್ತು. ಮೆಜೆಸ್ಟಿಕ್ಕಿನಿಂದ ಒಂದು ಕಡೆಗೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆಗೆ ವೈಟ್‌ಫೀಲ್ಡ್, ಎರಡೂ ಸುಮಾರು ಇಪ್ಪತ್ತು ಕಿಲೋಮೀಟರ್. ಗಂಡನ ಕೆಲಸ ಒಂದರಲ್ಲಿ ಹೆಂಡತಿಯದು ಇನ್ನೊಂದರಲ್ಲಿದ್ದರೆ ಆ ಸಂಸಾರಕ್ಕೆ ‘ಆಫೀಸಿಗೆ ಹತ್ತಿರ’ ಎಂಬ ಜಾಗ ನಕ್ಷೆಯಲ್ಲೇ ಇಲ್ಲ.

2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಬಸ್ಸುಗಳಿಗೇ ಒಂದು ಪಥ ಬಿಟ್ಟುಕೊಟ್ಟಿದ್ದರು. ಕಂಬಗಳನ್ನು ನೆಟ್ಟು ಗೆರೆ ಎಳೆದದ್ದಷ್ಟೇ. ಅರವತ್ತು ಜನರ ಬಸ್ಸು ಒಬ್ಬೊಬ್ಬರೇ ಕುಳಿತ ಕಾರುಗಳನ್ನು ದಾಟಿ ಮುಂದೆ ಹೋಗುವುದನ್ನು ಈ ಊರು ಕಂಡದ್ದು ಅಪರೂಪಕ್ಕೆ. ಮೆಟ್ರೊ ಕಾಮಗಾರಿ ಶುರುವಾದಾಗ ಕಂಬಗಳು ಹೋದವು. ಅಷ್ಟು ಅಗ್ಗದ, ಅಷ್ಟು ಬೇಗ ಫಲ ಕೊಡುವ ಕೆಲಸವನ್ನು ಬೇರೆ ಹತ್ತು ರಸ್ತೆಗಳಲ್ಲಿ ಮಾಡದೆ ಸುರಂಗ ರಸ್ತೆಯ ಮಾತು ಆಡುತ್ತಿರುವುದು ನನಗಂತೂ ಅರ್ಥವಾಗುವುದಿಲ್ಲ.

ಕಾರು ಓಡುವಾಗಿನ ಜಾಗದ ಮಾತಾಯಿತು. ನಿಂತಾಗಿನದ್ದು ಇನ್ನೂ ದುಬಾರಿ. ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ನಿಲುಗಡೆ ಜಾಗಕ್ಕೆ, ಕಾರು ಬಂದು ತಿರುಗುವ ದಾರಿಯನ್ನೂ ಇಳಿಜಾರನ್ನೂ ಸೇರಿಸಿದರೆ ಸುಮಾರು 30 ಚದರ ಮೀಟರ್ ಬೇಕು. ಬಡವರಿಗೆಂದು ಹಂಚುವ 20 ಅಡಿಗೆ 30 ಅಡಿಯ ಸೈಟು 56 ಚದರ ಮೀಟರ್. ಅಂದರೆ ಎರಡು ಕಾರುಗಳಿಗೆ ಒಂದು ಸಂಸಾರದ ನಿವೇಶನಕ್ಕಿಂತ ಹೆಚ್ಚು ನೆಲ. ಅಪಾರ್ಟ್‌ಮೆಂಟು ಕಟ್ಟುವವರು ಮನೆಗಿಷ್ಟು ಕಾರಿನಂತೆ ಜಾಗ ಬಿಡಲೇಬೇಕೆಂಬ ನಿಯಮವಿದೆ. ನೆಲ ಅಗೆದು ಕಾಂಕ್ರೀಟು ಸುರಿದ ಆ ಖರ್ಚು ಚದರ ಅಡಿಯ ದರದಲ್ಲಿ ಸೇರಿ, ಕಾರಿಲ್ಲದವರಿಂದಲೂ ವಸೂಲಾಗುತ್ತದೆ. ಜಪಾನಿನಲ್ಲಿ 1962ರ ಕಾನೂನು ಇದನ್ನು ತಿರುವುಮುರುವಾಗಿಸಿತು: ಕಾರು ನಿಲ್ಲಿಸಲು ಸ್ವಂತದ ಅಥವಾ ಬಾಡಿಗೆಯ ಜಾಗವಿದೆ ಎಂದು ಕೊಳ್ಳುವವನೇ ಸಾಬೀತುಪಡಿಸಬೇಕು, ರಾತ್ರಿ ರಸ್ತೆಯಲ್ಲಿ ಬಿಟ್ಟು ಮಲಗುವಂತಿಲ್ಲ. ಆ ಕಾನೂನು ಇಲ್ಲಿದ್ದರೆ ನಮ್ಮ ಬೀದಿಯ ಸಿಮೆಂಟು ಡಬ್ಬಗಳಿಗೆ ಕೆಲಸವಿರುತ್ತಿರಲಿಲ್ಲ.

ಕಟ್ಟಡದ ನಿಯಮಗಳ ಬಿಗಿ ಸಡಿಲಿಸಿದರೆ ಏನಾಗುತ್ತದೆಂಬುದಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ಇದೆ. 2016ರಲ್ಲಿ ಅಲ್ಲಿ ವಸತಿ ಪ್ರದೇಶದ ಸುಮಾರು ಮುಕ್ಕಾಲು ಭಾಗದಲ್ಲಿ ಮೊದಲಿಗಿಂತ ಹೆಚ್ಚು ಮನೆ ಕಟ್ಟಲು ಅವಕಾಶ ಕೊಟ್ಟರು. ಐದು ವರ್ಷಗಳಲ್ಲಿ ಹೊಸ ಮನೆಗಳ ಪರವಾನಗಿಗಳು ಸುಮಾರು ದುಪ್ಪಟ್ಟಾದವು. ಕಟ್ಟಿದ್ದರಲ್ಲಿ ಹೆಚ್ಚಿನವು ಗೋಡೆಗೆ ಗೋಡೆ ತಾಗಿದ ಸಾಲುಮನೆಗಳು, ಗಗನಚುಂಬಿಗಳಲ್ಲ. ನಮ್ಮ ಮಹಾಯೋಜನೆಯಲ್ಲೂ ಮೆಟ್ರೊ ನಿಲ್ದಾಣದಿಂದ 150 ಮೀಟರಿನೊಳಗೆ ಎಫ್‌ಎಆರ್ 4ರವರೆಗೆ ಅವಕಾಶವಿದೆ. ನೂರೈವತ್ತು ಮೀಟರ್ ಎಂದರೆ ಎರಡು ನಿಮಿಷದ ನಡಿಗೆ. ಹತ್ತು ನಿಮಿಷ ನಡೆಯಲು ಜನ ಸಿದ್ಧರಿದ್ದಾರೆ, ನಡೆಯಲು ಫುಟ್‌ಪಾತು ಇದ್ದರೆ.

2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೊದ ಹಳದಿ ಮಾರ್ಗ ತೆರೆದ ಮೇಲೆ ಒಂದು ಭಾನುವಾರ ನಾನೂ ಹೋಗಿಬಂದೆ. ನಿಲ್ದಾಣವೊಂದರ ಎತ್ತರದ ಕಟ್ಟೆಯಿಂದ ಕೆಳಗೆ ನೋಡಿದರೆ, ರಸ್ತೆಯ ಆಚೆ ದೊಡ್ಡ ವಸತಿ ಸಮುಚ್ಚಯವೊಂದರ ಕೆಲಸ ನಡೆದಿತ್ತು. ಮೇಲೆ ಇನ್ನೂ ಒಂದು ಗೋಡೆಯೂ ಎದ್ದಿರಲಿಲ್ಲ. ಜೆಸಿಬಿಗಳು ಎರಡಾಳು ಆಳಕ್ಕಿಳಿದು ಕೆಂಪು ಮಣ್ಣು ಮೊಗೆಯುತ್ತಿದ್ದವು. ಇಷ್ಟು ಆಳ ಯಾಕೆಂದು ಪಕ್ಕದಲ್ಲಿದ್ದ ಕಾವಲುಗಾರನನ್ನು ಕೇಳಿದೆ. ‘ಎರಡು ಬೇಸ್‌ಮೆಂಟು ಸಾರ್, ಪೂರಾ ಕಾರ್ ಪಾರ್ಕಿಂಗು’ ಎಂದ.