ಶ್ವಾಸಕೋಶದೊಳಗಿನ ನೀರುಗಂಟಿ

ಅಜ್ಜನಿಗೆ ಎಡಗಡೆಯ ಶ್ವಾಸಕೋಶದಲ್ಲಿ ನ್ಯುಮೋನಿಯಾ. ಎಡ ಮಗ್ಗುಲಿಗೇ ಮಲಗಿದ್ದಾರೆ. ರಕ್ತದಲ್ಲಿ ನೂರಕ್ಕೆ ಎಷ್ಟು ಭಾಗ ಆಕ್ಸಿಜನ್ ತುಂಬಿದೆ ಎಂದು ಹೇಳುವ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿದ್ದಾರೆ, ಅದು 88 ತೋರಿಸುತ್ತಿದೆ. ಪಕ್ಕದಲ್ಲಿ ಕೂತ ಮಗನಿಗೆ ಗಾಬರಿ. ನರ್ಸ್ ಬಂದು ಅಂಕಿ ನೋಡುತ್ತಾರೆ, ಅಜ್ಜನನ್ನು ಮೆಲ್ಲಗೆ ಬಲ ಮಗ್ಗುಲಿಗೆ ತಿರುಗಿಸುತ್ತಾರೆ, ದಿಂಬು ಸರಿಮಾಡಿ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಅಂಕಿ 92ಕ್ಕೆ ಏರಿರುತ್ತದೆ.

ವಾರ್ಡುಗಳಲ್ಲಿ ಇಂಥ ದೃಶ್ಯ ಹೊಸದೇನಲ್ಲ. 'ಚೆನ್ನಾಗಿರುವ ಶ್ವಾಸಕೋಶ ಕೆಳಗಿರಲಿ' ಅನ್ನುವುದು ಅಲ್ಲಿನ ಹಳೆಯ ಪಾಠ. ಮೊದಲ ಸಲ ಕೇಳಿದಾಗ ನನಗಿದು ಉಲ್ಟಾ ಅನ್ನಿಸಿತ್ತು. ಕೆಲಸ ಮಾಡುತ್ತಿರುವುದೇ ಒಂದು ಶ್ವಾಸಕೋಶ, ಅದನ್ನೇ ಅದುಮಿಕೊಂಡು ಮಲಗುವುದಾ?

ಕಾರಣ ಸರಳ. ರಕ್ತವೂ ನೀರಿನಂತೆ ತಗ್ಗಿನ ಕಡೆಗೆ ಜಾಸ್ತಿ ಹರಿಯುತ್ತದೆ. ಉಸಿರಾಟ ಅಂದರೆ ನಾವು ಗಾಳಿಯನ್ನಷ್ಟೇ ನೆನೆಯುತ್ತೇವೆ. ಆದರೆ ಗಾಳಿ ಒಳಗೆ ಹೋದರೆ ಸಾಲದು. ಗಾಳಿ ಎಲ್ಲಿ ಬಂತೋ ಅಲ್ಲಿಗೇ ರಕ್ತವೂ ಬರಬೇಕು. ಸುಮ್ನೆ ಕೂತಿರುವಾಗ ನಿಮಿಷಕ್ಕೆ ಸುಮಾರು 4 ಲೀಟರ್ ಹೊಸ ಗಾಳಿ ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಮುಟ್ಟುತ್ತದೆ. ಅಷ್ಟರಲ್ಲೇ ಹೃದಯ ಸುಮಾರು 5 ಲೀಟರ್ ರಕ್ತವನ್ನು ಅಲ್ಲಿಗೆ ದೂಡುತ್ತದೆ. ಲೆಕ್ಕ ಹೆಚ್ಚುಕಡಿಮೆ ಸರಿಹೋಯಿತು, ಅಲ್ವಾ? ಆದರೆ ಈ ಗಾಳಿಗೂಡುಗಳು ಕೋಟಿಗಟ್ಟಲೆ ಇವೆ. ಒಬ್ಬ ಮನುಷ್ಯನಲ್ಲಿ 30ರಿಂದ 50 ಕೋಟಿ ಅನ್ನಬಹುದು. ಒಟ್ಟು ಲೆಕ್ಕ ಸರಿಯಿದ್ದು ಹಂಚಿಕೆ ತಪ್ಪಿದರೂ ಉಸಿರು ಕಟ್ಟುತ್ತದೆ.

ಸಮಯವೂ ಕಡಿಮೆ. ಒಂದು ಕೆಂಪು ರಕ್ತಕಣ ಗಾಳಿಗೂಡಿನ ಗೋಡೆಗೆ ಅಂಟಿಕೊಂಡ ಸಣ್ಣ ನಾಳದಲ್ಲಿ ಇರುವುದೇ ಮುಕ್ಕಾಲು ಸೆಕೆಂಡು. ಅಷ್ಟರಲ್ಲಿ ಆಕ್ಸಿಜನ್ ತುಂಬಿಕೊಂಡು ಹೊರಡಬೇಕು. ಅಲ್ಲಿ ಗಾಳಿ ಇಲ್ಲವೆಂದರೆ ಬಂದ ಹಾಗೇ ಬರಿಗೈಯಲ್ಲಿ ವಾಪಸ್.

ದೇಹಕ್ಕೆಲ್ಲ ರಕ್ತ ಹಂಚುವ ಹೃದಯದ ಎಡಭಾಗ ಜೋರು. ಶ್ವಾಸಕೋಶಕ್ಕೆ ಕಳಿಸುವ ಬಲಭಾಗ ಮೆತ್ತಗೆ, ಅದರ ಒತ್ತಡ ಎಡಭಾಗದ ಆರನೇ ಒಂದು ಭಾಗದಷ್ಟು. ನಾವು ನಿಂತಾಗ ಶ್ವಾಸಕೋಶದ ಎತ್ತರ ಸುಮಾರು 30 ಸೆಂಟಿಮೀಟರ್. ಇಷ್ಟೇ ಎತ್ತರವಾದರೂ ಆ ಒತ್ತಡಕ್ಕೆ ತುದಿ ತಲುಪಲು ಏದುಸಿರು ಬರುತ್ತದೆ. ನಲ್ಲಿ ನೀರು ಕೆಳಮನೆಗೆ ಧಾರಾಳ ಬಂದು, ಮಹಡಿಯಲ್ಲಿ ತೊಟ್ಟಿಕ್ಕುವ ಹಾಗೆ.

ಇದನ್ನು ಅಳೆದು ತೋರಿಸಿದವರಲ್ಲಿ ಆಸ್ಟ್ರೇಲಿಯಾ ಮೂಲದ ಜಾನ್ ವೆಸ್ಟ್ ಮುಖ್ಯರು. 1960ರ ಸುಮಾರಿಗೆ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಅವರೂ ಸಂಗಡಿಗರೂ ವಿಕಿರಣ ಸೂಸುವ ಆಕ್ಸಿಜನ್ ಬಳಸಿದರು. ಅದು ಎರಡೇ ನಿಮಿಷದಲ್ಲಿ ಅರ್ಧದಷ್ಟು ಕರಗಿಹೋಗುತ್ತದೆ. ಬೇರೆ ಊರಲ್ಲಿ ಮಾಡಿ ತರಿಸುವ ಮಾತೇ ಇಲ್ಲ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಆಸ್ಪತ್ರೆಯ ಆವರಣದಲ್ಲೇ ಇದ್ದದ್ದರಿಂದ ಕೆಲಸ ಆಯಿತು. ಎದೆಯ ಮೇಲಿಟ್ಟ ಅಳತೆಯ ಉಪಕರಣಗಳು ಹೇಳಿದ್ದು ಇಷ್ಟು: ನಿಂತಿರುವ ಮನುಷ್ಯನ ಶ್ವಾಸಕೋಶದ ಬುಡಕ್ಕೆ ಗಾಳಿಯೂ ಜಾಸ್ತಿ, ರಕ್ತವೂ ಜಾಸ್ತಿ. ಆದರೆ ಮೇಲಕ್ಕೆ ಹೋದ ಹಾಗೆ ರಕ್ತ ಕಡಿಮೆಯಾಗುವಷ್ಟು ಬೇಗ ಗಾಳಿ ಕಡಿಮೆಯಾಗುವುದಿಲ್ಲ. ಹಾಗಾಗಿ ತುದಿಯಲ್ಲಿ ರಕ್ತದ ಮೂರು ಪಟ್ಟು ಗಾಳಿ, ಬುಡದಲ್ಲಿ ರಕ್ತಕ್ಕಿಂತ ಗಾಳಿಯೇ ಕಮ್ಮಿ. ದೊಡ್ಡವರಲ್ಲಿ ಕ್ಷಯ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲೇ ಯಾಕೆ ಬೇರೂರುತ್ತದೆ ಅನ್ನುವುದಕ್ಕೂ ಇದನ್ನೇ ಕಾರಣವಾಗಿ ಹೇಳುವವರಿದ್ದಾರೆ. ಆ ಬ್ಯಾಕ್ಟೀರಿಯಾಕ್ಕೆ ಆಕ್ಸಿಜನ್ ಬೇಕು, ಖರ್ಚಾಗದ ಆಕ್ಸಿಜನ್ ತುದಿಯಲ್ಲೇ ಉಳಿದಿರುತ್ತದೆ.

ಅಜ್ಜನ ವಿಷಯಕ್ಕೆ ಬರೋಣ. ಎಡ ಮಗ್ಗುಲಲ್ಲಿದ್ದಾಗ ರಕ್ತವೆಲ್ಲ ಕೀವು, ನೀರು ತುಂಬಿದ ಎಡ ಶ್ವಾಸಕೋಶಕ್ಕೆ ಇಳಿದು ವ್ಯರ್ಥವಾಗುತ್ತಿತ್ತು. ಮಗ್ಗುಲು ಬದಲಿಸಿದಾಗ ಗಾಳಿ ಇರುವ ಕಡೆಗೆ ಇಳಿಯಿತು. ಕೋವಿಡ್‌ನಲ್ಲಿ ಬೋರಲು ಮಲಗಿಸಿದ್ದರ ಹಿಂದೆಯೂ ಇಂಥದೇ ಲೆಕ್ಕವಿದೆ. ಗಾಳಿಗೂಡುಗಳು ಹೆಚ್ಚಿರುವುದು ಬೆನ್ನಿನ ಕಡೆ. ಅಂಗಾತ ಮಲಗಿದರೆ ಹೃದಯ, ಹೊಟ್ಟೆಯ ಭಾರವೆಲ್ಲ ಅವುಗಳ ಮೇಲೆ. ಬೋರಲಾದರೆ ಅವು ಬಿಚ್ಚಿಕೊಳ್ಳುತ್ತವೆ. ಇಲ್ಲಿ ಮಾತ್ರ ರಕ್ತ ಪೂರ್ತಿ ತಗ್ಗಿಗೆ ಇಳಿಯುವುದಿಲ್ಲ, ಹೆಚ್ಚಾಗಿ ಬೆನ್ನಿನ ಕಡೆಯೇ ಹರಿಯುತ್ತಿರುತ್ತದೆ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ಜೋರಾಗಿ ಉಸಿರಾಡಿ ಸರಿದೂಗಿಸಬಾರದೇ? ಕಾರ್ಬನ್ ಡೈಆಕ್ಸೈಡ್ ವಿಷಯದಲ್ಲಿ ಹಾಗೆ ಮಾಡಬಹುದು. ಏದುಸಿರು ಬಿಟ್ಟಷ್ಟೂ ಅದು ಹೊರಗೆ ಹೋಗುತ್ತದೆ. ಆಕ್ಸಿಜನ್ ವಿಷಯದಲ್ಲಿ ಆಗುವುದಿಲ್ಲ. ಚೆನ್ನಾಗಿರುವ ಕಡೆ ಹಾದುಬಂದ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಆಗಲೇ ನೂರಕ್ಕೆ 97-98 ಭಾಗ ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿಯುತ್ತೀರಿ? ಗಾಳಿ ಪೂರ್ತಿ ನಿಂತ ಜಾಗವನ್ನು ಹಾದು ಬರುವ ರಕ್ತ ಜಾಸ್ತಿ ಇದ್ದರೆ, ಮುಖವಾಡದಲ್ಲಿ ಶುದ್ಧ ಆಕ್ಸಿಜನ್ ಕೊಟ್ಟರೂ ಅಂಕಿ ಅಷ್ಟಾಗಿ ಏರದಿರುವುದು ಇದಕ್ಕೇ.

ಹಾಗಾದರೆ ಇರುವ ದಾರಿ ಒಂದೇ. ಗಾಳಿ ಇಲ್ಲದ ಕಡೆಗೆ ರಕ್ತ ಹೋಗದಂತೆ ತಡೆಯುವುದು.

ನಮ್ಮ ಕೆರೆಯ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ನೀರು ಬಿಡಬೇಕು ಅನ್ನುವುದು ಅವನ ಕೆಲಸ. ನಾಟಿ ಆಗದ ಗದ್ದೆಗೆ ನೀರು ಬಿಟ್ಟು ಏನು ಮಾಡುವುದು? ಅಲ್ಲಿ ಮಣ್ಣು ಒತ್ತಿ ಕಾಲುವೆ ಮುಚ್ಚುತ್ತಿದ್ದ, ನೀರು ಪಕ್ಕದ ಗದ್ದೆಗೆ ತಿರುಗುತ್ತಿತ್ತು. ಶ್ವಾಸಕೋಶದಲ್ಲೂ ಇಂಥವರಿದ್ದಾರೆ, ಲಕ್ಷಗಟ್ಟಲೆ. ಗಾಳಿಗೂಡುಗಳ ಪಕ್ಕದ ಸಣ್ಣ ರಕ್ತನಾಳಗಳ ಸ್ನಾಯುಗಳೇ ಈ ನೀರುಗಂಟಿಗಳು. ಗೂಡಿನಲ್ಲಿ ಆಕ್ಸಿಜನ್ ಕಡಿಮೆಯಾದರೆ ನಾಳ ಬಿಗಿದುಕೊಳ್ಳುತ್ತದೆ. ರಕ್ತ ಬೇರೆ ದಾರಿ ಹಿಡಿಯುತ್ತದೆ.

ಮಿಕ್ಕ ದೇಹದಲ್ಲಿ ನಡೆಯುವುದು ಇದಕ್ಕೆ ಪೂರ್ತಿ ವಿರುದ್ಧ. ಕಾಲಿನ ಸ್ನಾಯುವಿಗೆ ಆಕ್ಸಿಜನ್ ಸಾಲದಾದರೆ ಅಲ್ಲಿಯ ನಾಳ ಅಗಲವಾಗುತ್ತದೆ. ಶ್ವಾಸಕೋಶದಲ್ಲಿ ಮಾತ್ರ ಮುಚ್ಚಿಕೊಳ್ಳುತ್ತದೆ. ಯೋಚಿಸಿದರೆ ಸರಿಯೇ. ಕಾಲಿಗೆ ರಕ್ತ ಬರುವುದು ಆಕ್ಸಿಜನ್ ಕೊಡುವುದಕ್ಕೆ, ಶ್ವಾಸಕೋಶಕ್ಕೆ ಬರುವುದು ತೆಗೆದುಕೊಳ್ಳುವುದಕ್ಕೆ. 1946ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಮತ್ತು ಯೋರಾನ್ ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ಇದನ್ನು ತೋರಿಸಿದರು. ಕಡಿಮೆ ಆಕ್ಸಿಜನ್ ಇರುವ ಗಾಳಿ ಉಸಿರಾಡಿಸಿದಾಗ ಬೆಕ್ಕಿನ ಶ್ವಾಸಕೋಶದ ರಕ್ತನಾಳದ ಒತ್ತಡ ಏರಿತು. ಗಾಳಿಗೂ ರಕ್ತಕ್ಕೂ ಹೊಂದಾಣಿಕೆ ಮಾಡುವ ಏರ್ಪಾಡು ಇದು ಎಂದು ಗುರುತಿಸಿದ್ದು ಅವರ ಜಾಣ್ಮೆ.

ನನಗೆ ಇದರಲ್ಲಿ ಇಷ್ಟವಾಗುವುದು ಒಂದು ಸಂಗತಿ. ಈ ನೀರುಗಂಟಿ ಯಾರ ಅಪ್ಪಣೆಗೂ ಕಾಯುವುದಿಲ್ಲ. ಮೆದುಳಿನ ಆದೇಶ ಬೇಕಿಲ್ಲ, ನರ ಬೇಕಿಲ್ಲ. ದೇಹದಿಂದ ಹೊರತೆಗೆದ ಶ್ವಾಸಕೋಶದಲ್ಲೂ ಇದು ನಡೆಯುತ್ತದೆ. ಸ್ನಾಯುಕೋಶವೇ ಆಕ್ಸಿಜನ್ ಕಡಿಮೆಯಾದದ್ದನ್ನು ಗುರುತಿಸಿ, ಕ್ಯಾಲ್ಸಿಯಂ ಒಳಗೆ ಬಿಟ್ಟುಕೊಂಡು ಬಿಗಿಯಾಗುತ್ತದೆ. ಹೊಟ್ಟೆಯೊಳಗಿನ ಮಗುವಿನಲ್ಲಿ ಈ ತೂಬುಗಳೆಲ್ಲ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತವೆ. ನೀರು ತುಂಬಿದ ಶ್ವಾಸಕೋಶಕ್ಕೆ ರಕ್ತ ಕಳಿಸಿ ಪ್ರಯೋಜನವಿಲ್ಲ. ಮಗು ಹುಟ್ಟಿ ಮೊದಲ ಸಲ ಅತ್ತಾಗ ಗಾಳಿ ನುಗ್ಗುತ್ತದೆ, ತೂಬು ತೆರೆಯುತ್ತದೆ.

ಆದರೆ ಈ ನೀರುಗಂಟಿಗೆ ತನ್ನ ಗದ್ದೆ ಬಿಟ್ಟು ಬೇರೆ ಕಾಣುವುದಿಲ್ಲ. ತೊಂದರೆ ಆಗುವುದೂ ಅಲ್ಲೇ. ಬೆಳಿಗ್ಗೆ ದೆಹಲಿಯಲ್ಲಿ ವಿಮಾನ ಹತ್ತಿ ತಿಂಡಿ ಹೊತ್ತಿಗೆ ಲೇಹ್‌ನಲ್ಲಿ ಇಳಿದರೆ, ನೀವು ಸುಮಾರು 3,500 ಮೀಟರ್ ಎತ್ತರದಲ್ಲಿದ್ದೀರಿ. ಅಲ್ಲಿನ ಗಾಳಿಯೇ ತೆಳು. ಒಂದಲ್ಲ, ಎಲ್ಲ ಗಾಳಿಗೂಡುಗಳಲ್ಲೂ ಆಕ್ಸಿಜನ್ ಕಡಿಮೆ. ನೀರುಗಂಟಿಗಳೆಲ್ಲ ಒಟ್ಟಿಗೆ ತೂಬು ಇಳಿಸುತ್ತಾರೆ. ಹೃದಯ ಮಾತ್ರ ರಕ್ತ ದೂಡುತ್ತಲೇ ಇರುತ್ತದೆ. ಎಲ್ಲೋ ಸರಿಯಾಗಿ ಮುಚ್ಚದ ನಾಲ್ಕು ಕಾಲುವೆಗಳಿಗೆ ಇಡೀ ಪ್ರವಾಹ ನುಗ್ಗಿದರೆ ಬದು ಒಡೆಯದೆ ಇರುತ್ತದೆಯೇ? ಕೆಲವರಲ್ಲಿ ಆ ನಾಳಗಳಿಂದ ನೀರು ಸೋರಿ ಗಾಳಿಗೂಡು ತುಂಬುತ್ತದೆ. ಕೆಮ್ಮು, ನೊರೆ, ಮಲಗಿದ್ದಲ್ಲೇ ಏದುಸಿರು. 1960ರ ದಶಕದಲ್ಲಿ ಹಿಮಾಲಯದ ಗಡಿಗೆ ಅವಸರದಲ್ಲಿ ಏರಿಸಿದ ನಮ್ಮ ಸೈನಿಕರು ಹೀಗೆ ಕಾಯಿಲೆ ಬಿದ್ದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದ ವರದಿಯನ್ನು ಈ ವಿಷಯ ಓದುವವರು ಇವತ್ತಿಗೂ ನೆನೆಯುತ್ತಾರೆ. ಲೇಹ್‌ನಲ್ಲಿ ಮೊದಲೆರಡು ದಿನ ಸುಮ್ಮನೆ ಬಿದ್ದುಕೊಂಡಿರಿ ಅಂತ ಹೇಳುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೊಂದರೆ ಶುರುವಾದರೆ ಮುಖ್ಯ ಮದ್ದು ಆಕ್ಸಿಜನ್ ಮತ್ತು ಕೆಳಗಿಳಿಯುವುದು.

ಡಾಕ್ಟರುಗಳೂ ಕೆಲವೊಮ್ಮೆ ಗೊತ್ತಿಲ್ಲದೆ ಈ ನೀರುಗಂಟಿಯ ಕೆಲಸ ಕೆಡಿಸುತ್ತಾರೆ. ಬೀಡಿ ಸೇದಿ, ಇಲ್ಲವೇ ಸೌದೆ ಒಲೆಯ ಹೊಗೆ ಕುಡಿದು ಶ್ವಾಸಕೋಶ ಹಾಳಾದವರಿಗೆ ಬೇಕಾಬಿಟ್ಟಿ ಆಕ್ಸಿಜನ್ ಕೊಟ್ಟರೆ, ಮುಚ್ಚಿದ್ದ ತೂಬುಗಳು ತೆರೆದು ರಕ್ತ ಮತ್ತೆ ಕೆಟ್ಟ ಜಾಗಕ್ಕೆ ಹರಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಏರಿ ರೋಗಿ ಮಂಪರಿಗೆ ಜಾರಬಹುದು. ಅಂಥವರಿಗೆ ಆಕ್ಸಿಮೀಟರ್ ಅಂಕಿಯನ್ನು 88ರಿಂದ 92ರೊಳಗೆ ಇಟ್ಟರೆ ಸಾಕು ಅನ್ನುವುದರ ಒಂದು ಕಾರಣ ಇದು. ಆಸ್ತಮಾಕ್ಕೆ ಸಾಲ್ಬುಟಮಾಲ್ ನೆಬುಲೈಸರ್ ಕೊಟ್ಟ ಮೇಲೆ ಉಸಿರು ಹಗುರಾದರೂ ಕೆಲವೊಮ್ಮೆ ಅಂಕಿ ಸ್ವಲ್ಪ ಇಳಿಯುವುದೂ ಹೀಗೆಯೇ. ಔಷಧಿ ಗಾಳಿಯ ಕೊಳವೆಯ ಜೊತೆಗೆ ರಕ್ತನಾಳವನ್ನೂ ಸಡಿಲಿಸುತ್ತದೆ. ನೈಟ್ರಿಕ್ ಆಕ್ಸೈಡ್ ಅನಿಲ ಮಾತ್ರ ಜಾಣ. ಉಸಿರಿನಲ್ಲಿ ಕೊಟ್ಟಾಗ ಅದು ಗಾಳಿ ಹೋಗುವ ಗೂಡಿಗಷ್ಟೇ ಹೋಗುತ್ತದೆ, ಅಲ್ಲಿಯ ನಾಳವನ್ನಷ್ಟೇ ಅಗಲಿಸುತ್ತದೆ.

ಇನ್ನು ಮೊದಲು ಹೇಳಿದ ನರ್ಸ್ ಮಕ್ಕಳ ವಾರ್ಡಿಗೆ ಹೋದರು ಅಂದುಕೊಳ್ಳಿ. ಅಲ್ಲಿ ಎಳೆಗೂಸಿಗೂ ಎಡಗಡೆ ನ್ಯುಮೋನಿಯಾ. ಈ ಸಲ ಅವರು ಮಗುವನ್ನು ಎಡ ಮಗ್ಗುಲಿಗೆ ತಿರುಗಿಸಬಹುದು. ಪುಟ್ಟ ಎದೆಯಲ್ಲಿ ಮೇಲು ಕೆಳಗಿನ ಅಂತರವೇ ಅಷ್ಟಿಲ್ಲ, ರಕ್ತ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಹರಿಯುತ್ತದೆ. ಪಕ್ಕೆಲುಬು ಮೆದು, ಹಾಗಾಗಿ ಕೆಳಗೆ ಸಿಕ್ಕಿದ ಶ್ವಾಸಕೋಶ ಅದುಮಿಹೋಗಿ ಗಾಳಿ ಮೇಲಿನದಕ್ಕೆ ಜಾಸ್ತಿ ಹೋಗುತ್ತದೆ. ಅಜ್ಜನಿಗೆ ಒಳ್ಳೆಯದು ಕೆಳಗಿರಬೇಕು, ಮೊಮ್ಮಗುವಿಗೆ ಮೇಲಿರಬೇಕು.