ಸೋಲಾರ್ ಪ್ಲಾಂಟ್‌ನಲ್ಲಿ ಪವರ್ ರಿಸರ್ವ್: ಉಳಿಸಿದ್ದೆಷ್ಟು ಅಂತ ತಿಳಿಯುವುದು ಹೇಗೆ?

ಗ್ರಿಡ್‌ನಲ್ಲಿ ಒಂದು ದೊಡ್ಡ ಜನರೇಟರ್ ಟ್ರಿಪ್ ಆಯಿತು ಅಂದುಕೊಳ್ಳಿ. ಫ್ರೀಕ್ವೆನ್ಸಿ 50 ಹರ್ಟ್ಜ್‌ನಿಂದ ಕೆಳಗಿಳಿಯುತ್ತದೆ. ಥರ್ಮಲ್, ಹೈಡ್ರೋ ಯೂನಿಟ್‌ಗಳಾದರೆ ಸುತ್ತುತ್ತಿರುವ ರೋಟರ್‌ನ ಶಕ್ತಿ ಆ ಇಳಿತವನ್ನು ನಿಧಾನ ಮಾಡುತ್ತದೆ, ಅಷ್ಟರಲ್ಲಿ ಗವರ್ನರ್ (ಟರ್ಬೈನ್‌ನ ವೇಗ ನಿಯಂತ್ರಕ) ಪವರ್ ಏರಿಸಲು ಶುರು ಮಾಡಿರುತ್ತದೆ. ಸೋಲಾರ್‌ನಲ್ಲಿ ಸುತ್ತುವ ರೋಟರೇ ಇಲ್ಲ. ಸಾಲದ್ದಕ್ಕೆ ಎಂಪಿಪಿಟಿ, ಅಂದರೆ ಗರಿಷ್ಠ ಪವರ್ ಸಿಗುವ ಬಿಂದುವನ್ನು ಹುಡುಕಿ ಅಲ್ಲೇ ಓಡಿಸುವ ನಿಯಂತ್ರಣ, ಪ್ಯಾನೆಲ್‌ನಲ್ಲಿ ಇರುವುದನ್ನೆಲ್ಲ ಹಿಂಡಿ ತೆಗೆಯುತ್ತಿರುತ್ತದೆ. ಇನ್ನಷ್ಟು ಕೊಡು ಅಂದರೆ ಎಲ್ಲಿಂದ ಕೊಡುತ್ತದೆ?

ಅದಕ್ಕೇ ಮೊದಲೇ ಸ್ವಲ್ಪ ಕಡಿಮೆ ಪವರ್‌ನಲ್ಲಿ ಓಡಿಸುವುದು. ಪ್ಯಾನೆಲ್‌ನ ಪವರ್-ವೋಲ್ಟೇಜ್ ಕರ್ವ್‌ನಲ್ಲಿ ಗರಿಷ್ಠ ಬಿಂದುವಿನ ಬಲಕ್ಕೆ, ಅಂದರೆ ವೋಲ್ಟೇಜ್ ಜಾಸ್ತಿ ಇರುವ ಕಡೆಗೆ ಸರಿದರೆ ಪವರ್ ಇಳಿಯುತ್ತದೆ. ಎಡಕ್ಕೂ ಸರಿಯಬಹುದು, ಆದರೆ ಡಿಸಿ ವೋಲ್ಟೇಜ್ ತೀರಾ ಕುಸಿದರೆ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್ ಕೆಲಸ ಮಾಡುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಬಲಗಡೆಯೇ.

ಒಂದು ಲೆಕ್ಕ ನೋಡೋಣ. ಪ್ಲಾಂಟ್ 100 ಮೆಗಾವಾಟ್‌ದು, ಈಗಿನ ಬಿಸಿಲಿಗೆ 80 ಸಿಗುತ್ತದೆ. 10% ಉಳಿಸಿದರೆ ಗ್ರಿಡ್‌ಗೆ 72, ರಿಸರ್ವ್ 8. ಫ್ರೀಕ್ವೆನ್ಸಿ ಎಷ್ಟು ಶೇಕಡಾ ಇಳಿದರೆ ಪ್ಲಾಂಟ್‌ನ ಪೂರ್ತಿ ಪವರ್ ಕೇಳಬೇಕು ಅನ್ನುವುದೇ ಡ್ರೂಪ್; ಅದನ್ನು 5% ಇಟ್ಟರೆ, 2.5 ಹರ್ಟ್ಜ್ ಇಳಿತಕ್ಕೆ ಪೂರ್ತಿ 100 ಮೆಗಾವಾಟ್ ಕೇಳಿದಂತೆ. ಫ್ರೀಕ್ವೆನ್ಸಿ 49.8ಕ್ಕೆ ಬಂದರೆ, ಡೆಡ್‌ಬ್ಯಾಂಡ್ (ಪ್ಲಾಂಟ್ ಪ್ರತಿಕ್ರಿಯಿಸದೆ ಬಿಡುವ ಸಣ್ಣ ಏರಿಳಿತದ ಮಿತಿ) ಸದ್ಯಕ್ಕೆ ಮರೆತುಬಿಡಿ, ಕೇಳುವುದು 8. ಅಲ್ಲಿಗೆ ರಿಸರ್ವ್ ಖಾಲಿ! 49.7ಕ್ಕೆ ಇಳಿದರೆ 12 ಕೇಳುತ್ತದೆ, ಕೊಡಲು ಇರುವುದು 8 ಮಾತ್ರ.

ಇನ್ವರ್ಟರ್ ವೇಗದ ಬಗ್ಗೆ ಚಿಂತೆ ಬೇಡ, ಒಂದು ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ಪವರ್ ಬದಲಿಸುತ್ತದೆ. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 300 ಮೆಗಾವಾಟ್ ಪ್ಲಾಂಟ್ ಒಂದರಲ್ಲಿ ಹೀಗೆ ರಿಸರ್ವ್ ಇಟ್ಟು ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಿಜವಾದ ತಲೆನೋವು ಬೇರೆ. 72ರಲ್ಲಿ ಓಡುತ್ತಿರುವಾಗ 80 ಸಿಗುತ್ತಿತ್ತು ಅಂತ ಹೇಳುವವರು ಯಾರು? ಗರಿಷ್ಠ ಬಿಂದುವಿನಲ್ಲಿ ಓಡಿಸದೆ ಅದನ್ನು ನೇರವಾಗಿ ಅಳೆಯಲು ಆಗುವುದಿಲ್ಲ ಅಲ್ವಾ. ಬಿಸಿಲು, ಪ್ಯಾನೆಲ್ ತಾಪಮಾನ ಅಳೆದು ಮಾಡೆಲ್‌ನಿಂದ ಲೆಕ್ಕ ಹಾಕಬಹುದು, ಆದರೆ ಧೂಳು ಕೂತರೆ, ಪ್ಯಾನೆಲ್ ಹಳತಾದರೆ ಅದು ಇಲ್ಲದ ರಿಸರ್ವ್ ತೋರಿಸುತ್ತದೆ. ನನಗೆ ಇಷ್ಟವಾದ ದಾರಿ ಇನ್ನೊಂದು: ಕೆಲವು ಇನ್ವರ್ಟರ್‌ಗಳನ್ನು ಎಂಪಿಪಿಟಿಯಲ್ಲೇ ಬಿಟ್ಟು, ಅವುಗಳ ಪವರ್ ನೋಡಿ ಉಳಿದವುಗಳ ಸಾಮರ್ಥ್ಯ ಅಂದಾಜು ಮಾಡುವುದು. ಧೂಳಿನ ಲೆಕ್ಕ ತಾನಾಗೇ ಸೇರಿಕೊಳ್ಳುತ್ತದೆ. ಆದರೆ ಅವೆಲ್ಲ ಒಂದೇ ಮೂಲೆಯಲ್ಲಿದ್ದು, ಮೋಡದ ನೆರಳು ಅಲ್ಲಿ ಮಾತ್ರ ಬಿದ್ದರೆ ಇಡೀ ಪ್ಲಾಂಟ್‌ನ ಅಂದಾಜು ಕೆಟ್ಟಿತು, ಅದಕ್ಕೆ ಅವನ್ನು ಪ್ಲಾಂಟ್ ತುಂಬ ಹರಡಿ ಆರಿಸಬೇಕು.

ಮೋಡ ಇಡೀ ಪ್ಲಾಂಟ್‌ನ್ನೇ ಮುಚ್ಚಿದರೆ? 80 ಇದ್ದದ್ದು 50 ಆದರೆ 10% ಅಂದರೆ 5 ಮಾತ್ರ. ಯಾವಾಗಲೂ 8 ಇರಲೇಬೇಕು ಅಂದರೆ ಪ್ಲಾಂಟ್ 42ಕ್ಕೆ ಇಳಿಯಬೇಕು. ಅಂಥ ಖಾತರಿ ಬೇಕಾದಲ್ಲಿ ಬ್ಯಾಟರಿ ಸೇರಿಸುತ್ತಾರೆ.